ಯಂತ್ರಕ್ಕೂ ಒಂದು ಹಳಗನ್ನಡ

ಯಂತ್ರವೆಂದ ಮೇಲೆ ಸದ್ದು ಮಾಡಬೇಕು ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ನಮ್ಮೂರಿನ ಹಿಟ್ಟಿನ ಗಿರಣಿ ಊರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತಿತ್ತು. ನಿವೃತ್ತರಾದ ಮೇಲೆ ನನ್ನ ತಂದೆಯವರು ಕೊಂಡ ಕಂಪ್ಯೂಟರಾದರೋ ಬೇಸಗೆಯ ಮಧ್ಯಾಹ್ನಗಳಲ್ಲಿ ಆ ಗಿರಣಿಗೇ ಸವಾಲು ಹಾಕುತ್ತಿತ್ತು. ಅದರೊಳಗಿನ ಫ್ಯಾನು ತಿರುಗಲಾರಂಭಿಸಿದರೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ, "ಅದಕ್ಕೆ ಉಬ್ಬಸ ಬಂತು ನೋಡಿ" ಎಂದು ಕೂಗಿ ಹೇಳುವರು.

ಆದುದರಿಂದ, ಕಳೆದ ವರ್ಷ ನನ್ನ ಹಳೆಯ ಶಿಷ್ಯನೊಬ್ಬ ತಾನು ಬಳಸಿ ಬಿಟ್ಟ ತೆಳ್ಳನೆಯ ಲ್ಯಾಪ್‌ಟಾಪೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಾಗ ನಾನು ಗುಂಡಿ ಒತ್ತಿ, ಕಿವಿ ಹಚ್ಚಿ ಕೇಳಿ, "ಇದು ಕೆಟ್ಟಿರುವ ಹಾಗಿದೆಯಲ್ಲಪ್ಪಾ" ಎಂದುಬಿಟ್ಟೆ. ವಾಚಕರು ನಗಬಾರದು. ಅವನು ಮಾತ್ರ ನಕ್ಕ.

"ಇಲ್ಲ ಸಾರ್, ಇದಕ್ಕೆ ಫ್ಯಾನೇ ಇಲ್ಲ. ಇದರ ಹೃದಯ ಬೇರೆ."

ಪಿ.ಯು. ತರಗತಿಯಲ್ಲಿ ನನ್ನ ಕನ್ನಡ ಪಾಠಕ್ಕೆ ಕಿಟಕಿಯ ಬಳಿ ಕುಳಿತು ಆಕಳಿಸುತ್ತಿದ್ದ ಹುಡುಗ ಅವನು. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಚಿಪ್ಪುಗಳ ವಿನ್ಯಾಸವನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. 1985ರಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಸಂಸ್ಥೆ ಆ ನಗರದಲ್ಲಿ ನೆಲೆಯೂರಿದ ಮೇಲೆ ಇಂಥ ವಿದ್ಯೆಯಿಂದ ಅನ್ನ ಸಂಪಾದಿಸುವವರು ನಮ್ಮಲ್ಲಿ ಹೆಚ್ಚಿದ್ದಾರೆ. ಆ ದಿನ ಅವನು ಗುರು, ನಾನು ಶಿಷ್ಯ. ಆಕಳಿಸುವ ಸರದಿ ನನ್ನದೆಂದುಕೊಂಡಿದ್ದೆ. ಆದರೆ ಅವನು ಹೇಳಿದ ಕಥೆ ಆಕಳಿಕೆಗೆ ಎಡೆಗೊಡಲಿಲ್ಲ.

ಕಂಪ್ಯೂಟರಿನ ಹೃದಯವೆನ್ನಬಹುದಾದ ಪ್ರೊಸೆಸರಿಗೆ ತನ್ನದೇ ಆದ ಒಂದು ಭಾಷೆ ಇದೆಯಂತೆ. ಕೂಡು, ಕಳೆ, ಅಲ್ಲಿಂದ ತೆಗೆದು ಇಲ್ಲಿಡು ಎಂಬಂಥ ಚಿಕ್ಕ ಚಿಕ್ಕ ಆಜ್ಞೆಗಳೇ ಆ ಭಾಷೆಯ ಶಬ್ದಗಳು. ಒಂದು ಪ್ರೊಸೆಸರಿನ ಆಜ್ಞೆಗಳು ಬೇರೊಂದು ಜಾತಿಯ ಪ್ರೊಸೆಸರಿಗೆ ಅರ್ಥವಾಗುವುದಿಲ್ಲ. ಹೀಗಿರುವಾಗ, ಹೃದಯವನ್ನು ಬದಲಿಸುವುದೆಂದರೆ ಭಾಷೆಯನ್ನೇ ಬದಲಿಸಿದಂತೆ; ಅದುವರೆಗೆ ಬರೆದಿಟ್ಟ ಗ್ರಂಥಗಳೆಲ್ಲ ಒಂದು ರಾತ್ರಿಯಲ್ಲಿ ಹಳಗನ್ನಡವಾಗಿಬಿಟ್ಟಂತೆ.

ಇಂಥ ಸಾಹಸವನ್ನು ಆಪಲ್ ಕಂಪನಿ ಮೂರು ಸಲ ಮಾಡಿದೆ. 1984ರಲ್ಲಿ ಅದರ ಮೆಕಿಂತಾಷ್ ಯಂತ್ರ ಹೊರಬಂದಾಗ ಒಳಗಿದ್ದದ್ದು ಮೊಟೊರೋಲ ಕಂಪನಿಯ 68000 ಎಂಬ ಪ್ರೊಸೆಸರು. 1994ರಲ್ಲಿ ಅದನ್ನು ಬಿಟ್ಟು, ಐ.ಬಿ.ಎಂ. ಮತ್ತು ಮೊಟೊರೋಲಗಳೊಡನೆ ಕೂಡಿ ರೂಪಿಸಿದ ಪವರ್‌ಪಿಸಿಗೆ ಹೋದರು. ಅದರ ಅಧಿಪತಿ ಸ್ಟೀವ್ ಜಾಬ್ಸ್ 2003ರಲ್ಲಿ, ಇನ್ನೊಂದು ವರ್ಷದೊಳಗೆ ಇಷ್ಟು ವೇಗದ ಯಂತ್ರ ಕೊಡುತ್ತೇನೆಂದು ಜನರ ಮುಂದೆ ಮಾತು ಕೊಟ್ಟು, ಆ ಮಾತನ್ನು ನಡೆಸಲಾರದೆ ಹೋದರು. ಚಿಪ್ಪು ಮಾಡುವವರು ಬೇರೆಯವರು. ಮಾತು ಕೊಟ್ಟವರು ಇವರು. ಮದುವೆಯ ಊಟಕ್ಕೆ ಕರೆದವನೊಬ್ಬ, ಅಡಿಗೆಯವನು ಇನ್ನೊಬ್ಬ ಎಂದರೆ ಆಗುವ ಫಜೀತಿ ಇದು. 2005ರ ಜೂನ್ ತಿಂಗಳಲ್ಲಿ ಅವರು ಇಂಟೆಲ್ ಪ್ರೊಸೆಸರಿಗೆ ಬದಲಾಗುವುದಾಗಿ ಸಾರಿದರು. ಜೊತೆಗೆ ಒಂದು ಗುಟ್ಟನ್ನೂ ಬಿಚ್ಚಿದರು: ಕಳೆದ ಐದು ವರ್ಷಗಳಿಂದ ತಮ್ಮ ವ್ಯವಸ್ಥೆಯ ಪ್ರತಿಯೊಂದು ಆವೃತ್ತಿಯನ್ನೂ ಇಂಟೆಲ್ ಭಾಷೆಯಲ್ಲಿಯೂ ಒಳಗೊಳಗೇ ಸಿದ್ಧಪಡಿಸಿಕೊಂಡು ಬಂದಿದ್ದರಂತೆ! ಮನೆ ಬಿಡುವ ಮೊದಲೇ ಇನ್ನೊಂದು ಮನೆಗೆ ಸುಣ್ಣ ಬಳಿಸಿಟ್ಟ ಜಾಣತನ.

ಹದಿನೈದು ವರ್ಷ ಸಂಸಾರ ನಡೆಯಿತು. ಇಂಟೆಲ್ಲಿನ ಹೊಸ ತಲೆಮಾರಿನ ಚಿಪ್ಪುಗಳು ಹೇಳಿದ ಕಾಲಕ್ಕೆ ಬರುವುದು ತಪ್ಪಿತು, ಬಂದವು ಬಿಸಿಯಾಗುತ್ತಿದ್ದವು. ಇತ್ತ ಆಪಲ್ ಸಂಸ್ಥೆ 2008ರಲ್ಲಿ ಪಿ.ಎ. ಸೆಮಿ ಎಂಬ ಚಿಕ್ಕ ಚಿಪ್ಪು ಕಂಪನಿಯನ್ನು ಕೊಂಡು, 2010ರಲ್ಲಿ ಎ4 ಎಂಬ ಪ್ರೊಸೆಸರನ್ನು ತನ್ನ ಹೆಸರಿನಲ್ಲಿಯೇ ಹೊರತಂದು, ಅಂಗೈಯಗಲದ ಫೋನುಗಳ ಮೇಲೆ ಹತ್ತು ವರ್ಷ ಕೈ ಪಳಗಿಸಿಕೊಂಡಿತ್ತು. ಕೊನೆಗೆ, ಲೋಕವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದ 2020ರ ಜೂನ್ 22ರಂದು, ಟಿಮ್ ಕುಕ್ ಅವರು ಇನ್ನು ಮುಂದೆ ನಮ್ಮ ಕಂಪ್ಯೂಟರುಗಳಿಗೆ ನಮ್ಮದೇ ಪ್ರೊಸೆಸರು ಎಂದು ಸಾರಿದರು. ಅದೇ ನವೆಂಬರ್ 10ರಂದು ಎಂ1 ಎಂಬ ಚಿಪ್ಪು ಪ್ರಕಟವಾಯಿತು. ಮೊದಲ ಮೆಕಿಂತಾಷಿನ ಪ್ರೊಸೆಸರಿನಲ್ಲಿ ಸುಮಾರು 68,000 ಟ್ರಾನ್ಸಿಸ್ಟರುಗಳಿದ್ದರೆ ಇದರಲ್ಲಿ 1,600 ಕೋಟಿ. ನನ್ನ ಮೇಜಿನ ಮೇಲೆ ಮೌನವ್ರತ ಹಿಡಿದು ಕುಳಿತಿದ್ದುದು ಈ ಎಂ1. 2023ರ ಜೂನ್ ತಿಂಗಳಲ್ಲಿ ಅವರ ಅತಿ ದೊಡ್ಡ ಯಂತ್ರವೂ ಸ್ವಂತ ಚಿಪ್ಪಿಗೆ ಬಂದು ಈ ಮೂರನೆಯ ವಲಸೆ ಮುಗಿಯಿತು.

"ಮೌನದ ರಹಸ್ಯವೇನಪ್ಪಾ?" ಎಂದು ಕೇಳಿದೆ.

ಎಂಟು ಎತ್ತು ಕಟ್ಟಿದ ರೈತನಂತೆ ಇದು, ಎಂದ ಆತ. ಒಳಗೆ ಎಂಟು ಭಾಗಗಳಿವೆ. ನಾಲ್ಕು ಭಾರಿ ಉಳುಮೆಗೆ. ಉಳಿದ ನಾಲ್ಕು ಕಡಿಮೆ ಮೇವಿನಲ್ಲಿ ಹಗುರ ಕೆಲಸ ಮಾಡುವಂಥವು. ನಾನು ಪಾಠದ ಟಿಪ್ಪಣಿ ಬರೆಯುವಾಗ ದೊಡ್ಡ ಎತ್ತುಗಳನ್ನು ಎಬ್ಬಿಸುವ ಅಗತ್ಯವಿಲ್ಲ. ಅಲ್ಲದೆ ಲೆಕ್ಕ ಮಾಡುವ ಭಾಗಕ್ಕೂ ಚಿತ್ರ ಬಿಡಿಸುವ ಭಾಗಕ್ಕೂ ಉಗ್ರಾಣ ಒಂದೇ. ಅಲ್ಲಿಂದಿಲ್ಲಿಗೆ ಸಾಮಾನು ಹೊರುವ ದಣಿವು ಉಳಿಯಿತು. ದಣಿವಿಲ್ಲದಲ್ಲಿ ಬಿಸಿಯಿಲ್ಲ, ಬಿಸಿಯಿಲ್ಲದಲ್ಲಿ ಫ್ಯಾನು ಬೇಕಿಲ್ಲ. ಆದರೆ ಈ ಉಗ್ರಾಣವನ್ನು ಮನೆ ಕಟ್ಟುವಾಗಲೇ ಗೋಡೆಗೆ ಸೇರಿಸಿಬಿಟ್ಟಿರುತ್ತಾರೆ. ಆಮೇಲೆ ಸಾಲದೆಂದು ಹಿಗ್ಗಿಸುವಂತಿಲ್ಲ. ಹೊಸ ಮನೆಯನ್ನೇ ಕೊಳ್ಳಬೇಕು. ಸುಖಕ್ಕೆ ತೆತ್ತ ಬೆಲೆ ಅದು.

ಸ್ವಂತ ಪ್ರೊಸೆಸರು ಎನ್ನುವ ಮಾತನ್ನೂ ನಾನು ಹಾಗೆಯೇ ಬಿಡಲಿಲ್ಲ. ಸ್ವಂತ ಎಂಬ ಶಬ್ದವನ್ನು ಕಂಡರೆ ಕನ್ನಡ ಮೇಷ್ಟರಿಗೆ ಅನುಮಾನ ಸಹಜ. ಕೆದಕಿದಾಗ ತಿಳಿಯಿತು: ಅದು ಆಡುವ ಭಾಷೆ ಆರ್ಮ್ ಎಂಬುದು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಏಕಾರ್ನ್ ಎಂಬ ಚಿಕ್ಕ ಕಂಪನಿಗಾಗಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು ಕಟ್ಟಿದ್ದು. 1985ರಲ್ಲಿ ಮೊದಲ ಚಿಪ್ಪನ್ನು ಪರೀಕ್ಷಿಸುವಾಗ ವಿದ್ಯುತ್ ಅಳೆಯುವ ಮಾಪಕ ಸೊನ್ನೆ ತೋರಿಸುತ್ತಿತ್ತಂತೆ. ನೋಡಿದರೆ ಚಿಪ್ಪಿಗೆ ವಿದ್ಯುತ್ತನ್ನೇ ಕೊಟ್ಟಿರಲಿಲ್ಲ! ಸುತ್ತಲಿನ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಲ್ಲಿಯೇ ಅದು ತನ್ನ ಲೆಕ್ಕ ಮಾಡಿಕೊಂಡಿತ್ತು. ಈ ಮಿತಾಹಾರಿಯ ವಂಶವೇ ಇಂದು ಫೋನುಗಳಲ್ಲೆಲ್ಲ ಹಬ್ಬಿದೆ. 1990ರಲ್ಲಿ ಆರ್ಮ್ ಪ್ರತ್ಯೇಕ ಕಂಪನಿಯಾದಾಗ ಅದರ ಪಾಲುದಾರರಲ್ಲಿ ಆಪಲ್ ಕೂಡ ಒಂದಾಗಿತ್ತು. ಇನ್ನು ಚಿಪ್ಪನ್ನು ಎರಕ ಹೊಯ್ಯುವುದು ತೈವಾನಿನ ಟಿ.ಎಸ್.ಎಂ.ಸಿ. ಕಾರ್ಖಾನೆ. ಹಾಗಾದರೆ ಸ್ವಂತದ್ದೇನು? ವಿನ್ಯಾಸ ಮಾತ್ರ. ಮೊದಲು ನನಗೆ ನಗು ಬಂದಿತು, ಆಮೇಲೆ ಬರಲಿಲ್ಲ. ಕವಿಯ ಸ್ಥಿತಿಯೂ ಅದೇ ಅಲ್ಲವೇ? ಭಾಷೆ ಹಿರಿಯರದು, ಅಚ್ಚಿನ ಮನೆ ಬೇರೆಯವರದು. ಆದರೂ ಕಾವ್ಯ ಅವನದೇ.

ಶಿಷ್ಯ ಹೊರಟುಹೋದ. ಹೊಸ ಯಂತ್ರ ಬಂತೆಂದು ನನ್ನ ಹೆಂಡತಿ ಮೂಲೆಯ ಕಡೆ ಕೈ ತೋರಿಸಿ, "ರೀ, ಇನ್ನಾದರೂ ಆ ಡಬ್ಬಾನ ಗುಜರಿಯವನಿಗೆ ಕೊಟ್ಟುಬಿಡಿ" ಎಂದಳು. ಡಬ್ಬವೆಂದರೆ ತಂದೆಯವರ ಕಂಪ್ಯೂಟರು. ನಾಲ್ಕು ವರ್ಷಗಳ ಹಿಂದೆ ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕೊಡುವ ಮೊದಲು ಒಳಗಿದ್ದುದನ್ನು ಉಳಿಸಿಕೊಳ್ಳೋಣವೆಂದು ಎರಡು ಸಂಜೆ ಹೆಣಗಿ ಅದನ್ನು ಎಬ್ಬಿಸಿದೆ. ಉಬ್ಬಸದ ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತರು, ಏನೂ ಹೇಳಲಿಲ್ಲ.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ತಂದೆಯವರು ಹನ್ನೊಂದು ವರ್ಷ ಕುಳಿತು ಬೇಸಾಯದ ಮಾತುಗಳನ್ನು ಕೂಡಿಹಾಕಿದ್ದರು. ಕೂರಿಗೆ, ಕುಂಟೆ, ಮಿಣಿ, ಮೇಟಿ, ಏತ, ಕಪಿಲೆ ಎಂದು ಎರಡು ಸಾವಿರಕ್ಕೂ ಮಿಕ್ಕಿದ ಪದಗಳು. ಒಂದೊಂದಕ್ಕೂ ಅರ್ಥ, ಬಳಕೆ. ಅವರಿದ್ದಾಗ, "ಒಮ್ಮೆ ನೋಡಿಕೊಡೋ" ಎಂದು ಹಲವು ಸಲ ಕೇಳಿದ್ದರು. ನಾನು ಎಂ.ಎ. ಪದವೀಧರ, ಪರೀಕ್ಷೆಯ ಪತ್ರಿಕೆಗಳ ರಾಶಿಯನ್ನು ತೋರಿಸಿ, "ಬೇಸಗೆ ರಜಕ್ಕೆ ನೋಡೋಣ ಅಪ್ಪಾ" ಎನ್ನುತ್ತಿದ್ದೆ. ಬೇಸಗೆಗಳು ಬಂದವು, ಹೋದವು.

ಆ ಕಡತವನ್ನು ತಂದು ಹೊಸ ಯಂತ್ರದಲ್ಲಿ ತೆರೆದೆ. ಕನ್ನಡವಿರಲಿಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ, ಟೋಪಿ ಹೊತ್ತ ರೋಮನ್ ಅಕ್ಷರಗಳು ಪುಟದ ತುಂಬ ಜಾತ್ರೆ ನೆರೆದಿದ್ದವು. ಹನ್ನೊಂದು ವರ್ಷದ ದುಡಿಮೆ ನನ್ನನ್ನು ನೋಡಿ ಅಣಕಿಸುತ್ತಿತ್ತು. ಶಿಷ್ಯನಿಗೆ ಫೋನು ಮಾಡಿದೆ.

"ಇದು ಪ್ರೊಸೆಸರಿನ ತಪ್ಪಲ್ಲ ಸಾರ್," ಎಂದ. "ಆಗಿನ ಟೈಪಿಂಗ್ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಮುಖವಾಡ ತೊಡಿಸುತ್ತಿದ್ದವು. ಆ ಮುಖವಾಡ ಈ ಯಂತ್ರದಲ್ಲಿಲ್ಲ. ಆದರೆ ರೋಗದ ಜಾತಿ ಒಂದೇ. ಅಡಿಪಾಯ ಬದಲಾದರೆ ಮೇಲಿನದು ಮಾತು ಕಳೆದುಕೊಳ್ಳುತ್ತದೆ."

ಲೋಕದ ಲಿಪಿಗಳಿಗೆಲ್ಲ ಒಂದೊಂದು ಖಾಯಂ ಸಂಕೇತ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪೀಠವಿತ್ತು. ನಾವು ಹೋಗಿ ಕುಳಿತದ್ದು ತಡವಾಗಿ.

"ಹಾಗಾದರೆ ಆಪಲ್‌ನವರು ಭಾಷೆ ಬದಲಿಸಿದಾಗ ಹಳೆಯದನ್ನೆಲ್ಲ ಏನು ಮಾಡಿದರು?"

"ರೊಸೆಟ್ಟಾ ಎಂಬ ದುಭಾಷಿಯನ್ನು ಇಟ್ಟರು ಸಾರ್."

ಹೆಸರು ಕೇಳಿ ನಾನು ನೆಟ್ಟಗೆ ಕುಳಿತೆ. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ ರೊಸೆಟ್ಟಾ ಶಿಲೆ ಶಾಸನಪಾಠ ಮಾಡುವವರಿಗೆ ಹೊಸದಲ್ಲ. ಒಂದೇ ವಿಷಯ ಮೂರು ಲಿಪಿಗಳಲ್ಲಿ; ತಿಳಿದ ಗ್ರೀಕಿನ ಕೈ ಹಿಡಿದು 1822ರಲ್ಲಿ ಶಾಂಪೋಲಿಯನ್ ಮೂಕವಾಗಿದ್ದ ಚಿತ್ರಲಿಪಿಯನ್ನು ಮಾತಾಡಿಸಿದ. ಆ ಕಲ್ಲಿನ ಹೆಸರು ಹೊತ್ತ ಈ ತಂತ್ರಾಂಶ ಹಳೆಯ ಪ್ರೊಸೆಸರಿಗೆಂದು ಬರೆದ ಕಾರ್ಯಕ್ರಮವನ್ನು ಹೊಸ ಪ್ರೊಸೆಸರಿನ ಭಾಷೆಗೆ ಸದ್ದಿಲ್ಲದೆ ಅನುವಾದಿಸಿ ನಡೆಸುತ್ತದೆ. ಬಳಸುವವನಿಗೆ ಗೊತ್ತೇ ಆಗುವುದಿಲ್ಲ.

"ಆದರೆ ದುಭಾಷಿಗೆ ಖಾಯಂ ನೌಕರಿ ಇಲ್ಲ ಸಾರ್," ಎಂದು ಅವನು ಸೇರಿಸಿದ. 2006ರಲ್ಲಿ ಬಂದ ಮೊದಲನೆಯ ರೊಸೆಟ್ಟಾವನ್ನು 2011ರಲ್ಲಿ ತೆಗೆದುಹಾಕಿದರು. ಅಷ್ಟರೊಳಗೆ ದಾಟದವರು ಆಚೆ ದಡದಲ್ಲಿಯೇ ಉಳಿದರು. 2020ರಲ್ಲಿ ಬಂದ ಎರಡನೆಯದಕ್ಕೂ ಅವಧಿ ಹತ್ತಿರವಾಗುತ್ತಿದೆಯೆಂದು 2025ರ ಜೂನ್ ತಿಂಗಳಲ್ಲಿ ಸೂಚನೆ ಕೊಟ್ಟಿದ್ದಾರೆ. ಸೇತುವೆಯಿರುವುದು ದಾಟುವುದಕ್ಕೆ, ಮನೆ ಕಟ್ಟುವುದಕ್ಕಲ್ಲ.

ಈ ಮಾತು ನನ್ನನ್ನು ಚುಚ್ಚಿತು. ಪಂಪನ ಮಾತನ್ನು ಇಂದಿನ ಹುಡುಗರಿಗೆ ಇಂದಿನ ಕನ್ನಡದಲ್ಲಿ ದಾಟಿಸಿ ಸಂಬಳ ಪಡೆಯುವ ನಾನು ಯಾರು? ನಾನೂ ಒಂದು ರೊಸೆಟ್ಟಾ. ಸಾವಿರ ವರ್ಷದ ಹಿಂದಿನದನ್ನು ದಾಟಿಸಲು ಸಿದ್ಧನಿದ್ದವನು, ಪಕ್ಕದ ಕೋಣೆಯಲ್ಲಿದ್ದ ತಂದೆಯದನ್ನು ದಾಟಿಸಲಿಲ್ಲ.

ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೊಂದನ್ನು ಶಿಷ್ಯ ಹುಡುಕಿ ಕಳುಹಿಸಿದ. ನಿಮಿಷ ಮಾತ್ರದಲ್ಲಿ ಕನ್ನಡ ಮರಳಿ ಬಂದಿತು. ನನ್ನ ಕಣ್ಣು ಮಂಜಾದದ್ದನ್ನು ಇಲ್ಲಿ ಬರೆಯಬೇಕಾಗಿಲ್ಲ. ಆದರೆ ಪರಿವರ್ತಕವೂ ಪರಿಪೂರ್ಣವಲ್ಲ. ಅರ್ಕಾವೊತ್ತು ಎಲ್ಲೆಲ್ಲಿಯೋ ಹಾರಿ ಕುಳಿತಿತ್ತು, ಕೆಲವು ಸಾಲುಗಳು ಕಲಸಿಹೋಗಿದ್ದವು. ರಾತ್ರಿ ಊಟವಾದ ಮೇಲೆ ದಿನಕ್ಕೆ ಮೂವತ್ತು ಪದದಂತೆ ತಿದ್ದತೊಡಗಿದೆ.

ಒಂದು ರಾತ್ರಿ ‘ಹಗೇವು’ ಎಂಬ ಪದ ಬಂದಿತು. ಧಾನ್ಯ ತುಂಬಿಡುವ ನೆಲದೊಳಗಿನ ಕಣಜವೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ತಂದೆಯವರು ಅದರ ಮುಂದೆ ಇನ್ನೂ ಎರಡು ಸಾಲು ಬರೆದಿದ್ದರು. ಅವು ಪೂರ್ತಿ ಕೆಟ್ಟಿದ್ದವು. ಹಳೆಯ ಯಂತ್ರದಲ್ಲಿ ನೋಡೋಣವೆಂದರೆ ಅದು ಆ ವಾರವೇ ಕೊನೆಯುಸಿರೆಳೆದಿತ್ತು. ಅಮ್ಮನನ್ನು ಕೇಳಿದೆ.

"ಹಗೇವಾ? ನಮ್ಮ ತೌರುಮನೆ ಮುಂದೆ ಇತ್ತು ಕಣೋ. ರಾಗಿ ಹಾಕಿ ಮುಚ್ಚಿದರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಒಳಗೆ ಇಳೀಬಾರದು. ಕೆಟ್ಟ ಗಾಳಿ ತುಂಬಿರುತ್ತೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರದಿದ್ದರೆ ಇಳೀಬೇಕು. ನಿಮ್ಮಪ್ಪನಿಗೆ ಇದನ್ನ ಹೇಳಿದವಳೇ ನಾನು."

ಆ ಎರಡು ಸಾಲು ಅಮ್ಮನ ಬಾಯಿಂದ ನೇರವಾಗಿ ಮೌನಯಂತ್ರಕ್ಕೆ ಇಳಿದವು. ಪಟ್ಟಿಯ ಬಹುಭಾಗ ಅವರಿಂದಲೇ ಬಂದದ್ದೆಂದು ನನಗೆ ಗೊತ್ತಾದದ್ದು ಆ ರಾತ್ರಿ. ಈಗ ಅವರು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಂತ್ರ ಸದ್ದು ಮಾಡದಿರುವುದರಿಂದ ಅವರ ಮೆಲುದನಿಯೂ ನನಗೆ ಸ್ಪಷ್ಟವಾಗಿ ಕೇಳುತ್ತದೆ. ಎಂಟು ನೂರು ಪದಗಳಾಗಿವೆ. ಇನ್ನೂ ಸಾವಿರದ ಇನ್ನೂರರಷ್ಟಿವೆ. ಅಮ್ಮನಿಗೆ ಈಗ ಎಪ್ಪತ್ತಾರು. ಈ ಬೇಸಗೆ ರಜಕ್ಕೆ ನಾನು ಎಲ್ಲಿಗೂ ಹೋಗುವುದಿಲ್ಲ.