ಮೋಟರ್‌ಗೆ ಕಟ್ಟೋಕಿಂತ ಮೊದಲು ಡೆಮೊ ಹಾಕಿ ನೋಡ್ರಿ

ಭೀಮಾ ದಂಡಿಗೆ ಮೋಟರ್ ಇಟ್ಟ ನಮ್ಮ ಹವಳಗಾ ಕಡಿ ರೈತರು ಭೇಟಿ ಆದಾಗೆಲ್ಲಾ ಈಗ ಒಂದೇ ಮಾತು ಕೇಳ್ತಾರ: "ಮನ್ಯಾಗ ಕುಂತು ಮೋಟರ್ ಚಾಲೂ ಮಾಡೋದು ಹಾಕಿಸ್ಲೇನ್ರಿ?" ಥ್ರೀಫೇಸ್ ಪಾಳಿ ರಾತ್ರಿ ಬಂತಂದ್ರ ಬ್ಯಾಟರಿ ಹಿಡಕೊಂಡು ಕಬ್ಬಿನ ನಡುವ ಹೋಗಬೇಕು. ಹಾವು, ಚೇಳು, ಹಂದಿ, ಅದರ ಮ್ಯಾಲ ಹಸಿ ನೆಲದಾಗ ನಿಂತು ಸ್ಟಾರ್ಟರ್ ಒತ್ತೋದು. ನಮ್ಮ ಮನ್ಯಾಗ ಆ ಕೆಲಸ ಇನ್ನೂ ಅಪ್ಪನೇ ಮಾಡ್ತಾನ. ವಯಸ್ಸು ಅರವತ್ತು ದಾಟ್ಯದ, ನಾ ಹೋಗ್ತೀನಿ ಅಂದ್ರೂ ಬಿಡಂಗಿಲ್ಲ. ಹಂಗಾಗಿ ನನಗೂ ಇದರ ಗರಜು ಅದ.

ಆದ್ರ ಮಾರೋಕ ಬಂದವರು ತೋರಿಸೋ ಡೆಮೊ ಬ್ಯಾರೆ, ನಮ್ಮ ಕೈಲೆ ನಾವು ಮಾಡಿ ನೋಡೋ ಡೆಮೊ ಬ್ಯಾರೆ. ಅವರು ಫೋನ್ ಒತ್ತಿ ಬಲ್ಬ್ ಹಚ್ಚಿ ತೋರಿಸ್ತಾರ, ನಾವು ಹೌದಪ್ಪಾ ಅಂತ ತಲಿ ಹಾಕ್ತೀವಿ. ನಮ್ಮ ಹೊಲದಾಗ ಏನೇನು ಆಗ್ತದ ಅನ್ನೋದು ಅದರಾಗ ಇರಂಗಿಲ್ಲ. ಅದಕ್ಕ ನಾ ಒಂದು ರೂಪಾಯಿ ಸಾಮಾನೂ ತರದೆ, ಮನ್ಯಾಗಿನ ಹಳೆ ಲ್ಯಾಪ್‌ಟಾಪ್‌ನಾಗ ಹೋಂ ಅಸಿಸ್ಟಂಟ್ ಅನ್ನೋ ಸಾಫ್ಟ್‌ವೇರ್ ಹಾಕಿ ಸುಳ್ಳು ಸಾಮಾನಿನ ಮ್ಯಾಲ ನೋಡ್ದೆ.

ಹೋಂ ಅಸಿಸ್ಟಂಟ್ ಅಂದ್ರ ಮನಿ ಲೈಟು, ಫ್ಯಾನು, ಪಂಪು, ವಾಲ್ವ್ ಎಲ್ಲಾ ಒಂದೇ ಕಡಿ ಕೂಡಿಸಿ ನಡಸೋ ತಂತ್ರಾಂಶ. 2013ರಾಗ ಪೌಲಸ್ ಸ್ಕೌಟ್ಸನ್ ಅನ್ನೋರು ಶುರು ಮಾಡಿದ್ದು. ಪುಕ್ಕಟೆ ಅದ. ನನಗ ಇದು ಸೇರಿದ್ದಕ್ಕ ಕಾರಣ ಬ್ಯಾರೆ: ಇದು ನಮ್ಮ ಮನಿ ಕಂಪ್ಯೂಟರ್‌ನಾಗೇ ನಡೀತದ. ಇಂಟರ್ನೆಟ್ ಹೋದ್ರೂ ಮನಿ ಒಳಗಿನ ಕೆಲಸ ನಿಲ್ಲಂಗಿಲ್ಲ. ನಮ್ಮ ಕಡಿ ಮಳಿ ಬಂದಾಗ ಟವರ್ ಏನಾಗ್ತದ ಅಂತ ಹೇಳೋದೇ ಬ್ಯಾಡ.

ಮೊದಲು ಏನೂ ಹಾಕದೇ ನೋಡಬೇಕಂದ್ರ ಅವರದೇ ಆನ್‌ಲೈನ್ ಡೆಮೊ ಅದ, ಫೋನಿನಾಗೇ ತೆರೀತದ. ಹತ್ತು ನಿಮಿಷ ಆಡ್ರಿ. ಆದ್ರ ಅಲ್ಲಿ ನಮ್ಮ ಲೆಕ್ಕ ಬರಿಯೋಕ ಆಗಂಗಿಲ್ಲ. ಅದಕ್ಕ ಲ್ಯಾಪ್‌ಟಾಪ್ ಬೇಕು. ವಿಂಡೋಸ್ ಇದ್ರ ವರ್ಚುವಲ್‌ಬಾಕ್ಸ್ ಅನ್ನೋದು ಹಾಕಿಕೊಳ್ರಿ, ಅದೂ ಪುಕ್ಕಟೆ. ಅದು ಕಂಪ್ಯೂಟರ್ ಒಳಗ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡ್ತದ. ಆ ಸುಳ್ಳು ಕಂಪ್ಯೂಟರ್‌ಗೆ 2 ಜಿಬಿ ರ‍್ಯಾಮ್, 32 ಜಿಬಿ ಜಾಗ ಕೊಡಬೇಕು. ನಂದು 8 ಜಿಬಿ ಲ್ಯಾಪ್‌ಟಾಪ್, ಆರಾಮ ಆಯ್ತು. ಸೆಟ್ಟಿಂಗ್‌ನಾಗ ಇಎಫ್ಐ ಅನ್ನೋದಕ್ಕ ಟಿಕ್ ಹಾಕ್ರಿ, ಇಲ್ಲಂದ್ರ ಅದು ಶುರುನೇ ಆಗಂಗಿಲ್ಲ. ನೆಟ್‌ವರ್ಕ್ ಬ್ರಿಜ್ಡ್ ಅಂತ ಇಡ್ರಿ, ಆಗ ನಿಮ್ಮ ಫೋನಿಗೂ ಕಾಣ್ತದ. ಮೊದಲ ಸಲ ಚಾಲೂ ಮಾಡಿದಾಗ "ತಯಾರಿ ನಡದದ" ಅಂತ ಇಪ್ಪತ್ತು ನಿಮಿಷದ ತನಕ ನಿಲ್ಲಬಹುದು. ಗಾಬರಿ ಆಗಿ ಬಂದ್ ಮಾಡಬ್ಯಾಡ್ರಿ, ಚಹಾ ಕುಡದು ಬರ್ರಿ.

ಆಮ್ಯಾಲ ಹೆಸರು, ಪಾಸ್‌ವರ್ಡ್, ಮನಿ ಎಲ್ಲದ ಅಂತ ಕೇಳ್ತದ. ನಕಾಶೆ ಮೊದಲು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಾಗ ನಿಂತಿರ್ತದ, ಎಳ್ಕೊಂಡು ಹವಳಗಾಕ್ಕ ತರಬೇಕು. ಇದು ಸಣ್ಣ ಮಾತಲ್ಲ. ಸೂರ್ಯ ಮುಳುಗೋ ಹೊತ್ತು ಅದು ಈ ಜಾಗದ ಮ್ಯಾಲೇ ಲೆಕ್ಕ ಹಾಕ್ತದ.

ಈಗ ಡೆಮೊ. ಕಾನ್ಫಿಗರೇಶನ್ ಫೈಲ್‌ನಾಗ ಡೆಮೊ ಅಂತ ಇಂಗ್ಲಿಷ್‌ನಾಗ ಒಂದೇ ಶಬ್ದ, ಅದರ ಮುಂದ ಎರಡು ಚುಕ್ಕಿ. ಸಾಲಿನ ಮುಂದ ಖಾಲಿ ಜಾಗ ಬಿಡಬಾರದು, ಆ ಫೈಲ್‌ನಾಗ ಜಾಗಕ್ಕೂ ಅರ್ಥ ಅದ. ಉಳಿಸಿ, ತಪಾಸಣಿ ಮಾಡಿ, ರೀಸ್ಟಾರ್ಟ್ ಕೊಟ್ರ ಸುಳ್ಳು ಮನಿ ಒಂದು ಎದ್ದು ನಿಲ್ತದ. ಅಡಗಿ ಮನಿ ಲೈಟು, ಗ್ಯಾರೇಜ್ ಬಾಗಿಲಾ, ನೆಲಮಾಳಗಿ ಹಸಿ ಆಗ್ಯದ ಅನ್ನೋ ಸೆನ್ಸರ್. ಹೊರಗಿನ ಉಷ್ಣತೆ 15.6 ಡಿಗ್ರಿ! ನಮ್ಮ ಕಡಿ ಮೇ ತಿಂಗಳಾಗ ಅದನ್ನ ನೋಡಿದ್ರ ನಗು ಬರ್ತದ. ಆದ್ರ ಅದರಾಗೇ ತ್ವಾಟಕ್ಕ ನೀರು ಬಿಡೋ ವಾಲ್ವ್ ಕೂಡ ಅವ. "ಆರ್ಚರ್ಡ್" ಅಂತ ಇದ್ದ ವಾಲ್ವ್‌ಗೆ ನಾ "ಮ್ಯಾಲಿನ ಕಬ್ಬು" ಅಂತ ಹೆಸರು ಬದಲಿಸಿದೆ. ಎ.ಸಿ. ಅಂತ ಇದ್ದ ಸ್ವಿಚ್ಚಿಗೆ "ಹೊಳಿ ಮೋಟರ್" ಅಂತ ಇಟ್ಟೆ.

ಇದರ ಜೊತಿ ನಾವೇ ಸುಳ್ಳು ಗುಂಡಿ ಮಾಡಿಕೊಳ್ಳೋಕ ಬರ್ತದ, ಹೆಲ್ಪರ್ ಅಂತಾರ. ನಾ ಮೂರು ಮಾಡ್ದೆ: "ಥ್ರೀಫೇಸ್ ಬಂತು", "ಟಾಕಿ ಎಷ್ಟು ತುಂಬ್ಯದ", "ಮೋಟರ್ ಎಷ್ಟು ಆಂಪ್ ಎಳೀತದ". ಆಮ್ಯಾಲ ಲೆಕ್ಕ ಬರದೆ. ಥ್ರೀಫೇಸ್ ಬಂದು 5 ನಿಮಿಷ ಗಟ್ಟಿಯಾಗಿ ನಿಂತ್ರ, ಟಾಕಿ ಖಾಲಿ ಇದ್ರ, ಮೋಟರ್ ಚಾಲೂ. ಆಂಪ್ ಒಮ್ಮೆಲೆ ಇಳದ್ರ ಫುಟ್‌ವಾಲ್ ನೀರು ಬಿಟ್ಟದ ಅಂತ ತಿಳದು ಮೋಟರ್ ಬಂದ್. ಗುಂಡಿ ಒತ್ತೋದು, ಕಾಯೋದು, ಏನಾಯ್ತು ನೋಡೋದು. ಯಾವ ಹೆಜ್ಜಿಗೆ ಯಾಕ ನಿಂತ್ತು ಅಂತ ಅದು ಚಿತ್ರ ಬರದು ತೋರಿಸ್ತದ. ಎರಡು ರಾತ್ರಿ ಇದೇ ಆಟ.

ಎರಡನೇ ರಾತ್ರಿ ಅಪ್ಪ ಹಿಂದ ನಿಂತು ನೋಡ್ಲಿಕತ್ತಿದ್ದ. ನಾ ಥ್ರೀಫೇಸ್ ಗುಂಡಿ ತೆಗದು ಮತ್ತ ಹಾಕ್ದೆ. ಐದು ನಿಮಿಷಕ್ಕ ಸುಳ್ಳು ಮೋಟರ್ ತಾನೇ ಚಾಲೂ ಆಯ್ತು.

"ತಮ್ಮಾ, ಲೈನ್ ಹೋದಾಗ ನಾ ಮೋಟರ್ ಬಿಚ್ಚಾಕ ಇಳದಿರ್ತೀನಿ. ಅದಕ್ಕ ಹ್ಯಾಂಗ ಗೊತ್ತಾಗ್ತದ?"

"ಗೊತ್ತಾಗಂಗಿಲ್ಲಪ್ಪಾ."

"ಸ್ಟಾರ್ಟರ್‌ಗೆ ಗೊತ್ತದ ನೋಡು. ಲೈನ್ ಹೋದ್ರ ಬಿಡ್ತದ, ಹಸರ ಗುಂಡಿ ಒತ್ತೋ ತನಕ ಹಿಡಿಯಂಗಿಲ್ಲ."

ಅಪ್ಪ ಮೂರನೇ ಇಯತ್ತೆ ಓದ್ಯಾನ. ಆದ್ರ ಇಡೀ ವಿಷಯದ ನಡು ಗಂಟು ಅದೇ ಅದ. ಸ್ಟಾರ್ಟರ್ ಒಳಗಿನ ನೋ-ವೋಲ್ಟ್ ಕಾಯಿಲ್ ಅದೇ ಸಲುವಾಗಿ ಇಟ್ಟದ್ದು: ಕರೆಂಟ್ ವಾಪಸ್ ಬಂದಾಗ ಮೋಟರ್ ತಾನೇ ತಿರಗಬಾರದು, ಮನುಷ್ಯಾ ಒತ್ತಿದ್ರ ಮಾತ್ರ ತಿರಗಬೇಕು. ಆಟೋ ಅಂತ ಏನು ಹಾಕ್ತೀವಲ್ಲ, ಅದು ಆ ರಕ್ಷಣಿನೇ ದಾಟಿ ಹೋಗ್ತದ. ಸೋವಿ ಆಟೋ ಸ್ವಿಚ್ ಆಗಲಿ, ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್‌ನ ಆಟೋ ಮೋಡ್ ಆಗಲಿ, ಈ ಸಾಫ್ಟ್‌ವೇರ್ ಆಗಲಿ, ಎಲ್ಲಾ ಒಂದೇ. ಮಾರೋರು ಇದನ್ನ "ಅನುಕೂಲ" ಅಂತ ಹೇಳ್ತಾರ.

ಅದಕ್ಕ ನಾಕನೇ ಗುಂಡಿ ಮಾಡ್ದೆ: "ಮನುಷ್ಯಾ ಹೊಲದಾಗ ಅದಾನ". ಇದು ಚಾಲೂ ಇದ್ರ ಯಾವ ಲೆಕ್ಕಕ್ಕೂ ಮೋಟರ್ ತಿರಗಬಾರದು. ಮತ್ತ ಲೈನ್ ಹೋಗಿ ಬಂದ್ರ ತಾನೇ ಚಾಲೂ ಆಗೋ ಲೆಕ್ಕ ತಗದೇ ಬಿಟ್ಟೆ. ಅದರ ಬದಲಿ ಫೋನಿಗೆ ಸುದ್ದಿ ಬರಲಿ, ಮನ್ಯಾಗಿನವರನ್ನ ಕೇಳಿ ನಾವೇ ಒತ್ತೋಣ. ಆಮ್ಯಾಲ ರೀಸ್ಟಾರ್ಟ್ ಕೊಟ್ಟು ನೋಡ್ದೆ. ಡೆಮೊ ಸಾಮಾನೆಲ್ಲಾ ತಮ್ಮ ಮೊದಲಿನ ಸ್ಥಿತಿಗೆ ಹೋದ್ವು, ನಾ ಮಾಡಿದ ಗುಂಡಿಗಳು ಮಾತ್ರ ಇದ್ದಂಗೇ ಇದ್ವು. ಅಂದ್ರ ಕಂಪ್ಯೂಟರ್ ಸತ್ತು ಎದ್ದಾಗ ಅದು ಏನು ನೆನಪಿಟ್ಟಿರ್ತದ, ಏನು ಮರೀತದ ಅನ್ನೋದು ಖರೇ ಮೋಟರ್ ಕಟ್ಟೋಕಿಂತ ಮೊದಲೇ ತಿಳಕೊಬೇಕು.

ಆದ್ರೂ ಫೋನಿನ ಗುಂಡಿ ನಂಬಿ ಮೋಟರ್ ಮುಟ್ಟಬ್ಯಾಡ್ರಿ. ಹೊಲದಾಗ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಕಿಸೆದಾಗ ಇಟ್ಕೊಂಡೇ ಮುಟ್ರಿ. ಡ್ರೈ ರನ್, ಸಿಂಗಲ್ ಫೇಸ್ ರಕ್ಷಣಿ ಬೋರ್ಡಿನಾಗೇ ಇರಬೇಕು, ಲ್ಯಾಪ್‌ಟಾಪ್‌ನಾಗಲ್ಲ. ಲ್ಯಾಪ್‌ಟಾಪ್ ಕೆಟ್ರೂ ಅವು ಕೆಲಸ ಮಾಡಬೇಕು.

ಇನ್ನೊಂದು ಮಾತು, ಅಂಗಡ್ಯಾಗ ಸಿಗೋ ವೈಫೈ ಪ್ಲಗ್ಗು 16 ಆಂಪ್ ಅಂತ ಬರದಿರ್ತದ. ನಮ್ಮ 7.5 ಎಚ್‌ಪಿ ಸುಮಾರು 11 ಆಂಪ್ ಎಳೀತದ, ಹಂಗಾದ್ರ ಸಾಕಲ್ಲ ಅಂತ ಒಬ್ರು ಕೇಳಿದ್ರು. ಸಾಕಾಗಂಗಿಲ್ರಿ. ಅದು ಸಿಂಗಲ್ ಫೇಸ್ ಪ್ಲಗ್ಗು, ಮೋಟರ್ ಥ್ರೀಫೇಸ್. ಮತ್ತ ಹೊಂಡೋ ಹೊತ್ತಿಗೆ ಮೋಟರ್ ಐದಾರು ಪಟ್ಟು ಎಳೀತದ. ರಿಲೇ ಏನಿದ್ರೂ ಸ್ಟಾರ್ಟರಿನ ಹಸರ, ಕೆಂಪ ಗುಂಡಿ ಕೆಲಸ ಅಷ್ಟೇ ಮಾಡಬೇಕು, ಹೊರೆ ಕಾಂಟ್ಯಾಕ್ಟರ್ ಹೊರಬೇಕು. ಆ ಕೆಲಸ ತಿಳದ ಎಲೆಕ್ಟ್ರಿಶನ್ನಿಂದಲೇ ಮಾಡಿಸ್ರಿ.

ನನ್ನ ಲೆಕ್ಕ ಹೇಳ್ತೀನಿ. ಒಂದೇ ಮೋಟರ್, ಒಂದೇ ಪೈಪ್‌ಲೈನ್ ಇದ್ದವರಿಗೆ ಇಷ್ಟೆಲ್ಲಾ ಬ್ಯಾಡ, ಆಟೋ ಮೋಡ್ ಬಂದ್ ಇಟ್ಟ ಮೊಬೈಲ್ ಸ್ಟಾರ್ಟರ್ ಸಾಕು. ಮನಿ ವೈಫೈ ಹೊಳಿ ತನಕ ಮುಟ್ಟೋದೂ ಇಲ್ಲ. ಮನಿ ಟಾಕಿ, ದನದ ಕೊಟ್ಟಿಗಿ ಲೈಟು, ಡ್ರಿಪ್‌ನ ಮೂರು ನಾಕು ವಾಲ್ವ್ ಕೂಡಿಸಿ ನಡಸೋರಿಗೆ ಹೋಂ ಅಸಿಸ್ಟಂಟ್ ಹೊಂದ್ತದ. ಉಜನಿಯಿಂದ ನೀರು ಬಿಟ್ಟಾರಂದ್ರ ದಂಡಿ ಮ್ಯಾಗಿನ ಮೋಟರ್ ಎತ್ತೋದು ಯಾವ ಸಾಫ್ಟ್‌ವೇರೂ ಮಾಡಂಗಿಲ್ಲ, ಅದಕ್ಕ ನಾಕು ಮಂದಿ ಹೆಗಲೇ ಬೇಕು.

ನಾ ಮೊದಲು ಮನಿ ಟಾಕಿಗೆ ಖರೇ ಸೆನ್ಸರ್ ಹಾಕ್ತೀನಿ. ಹೊಳಿ ಮೋಟರ್ ಕಬ್ಬು ಕಾರ್ಖಾನಿಗೆ ಹೋದ ಮ್ಯಾಲ ನೋಡೋದು. ಅಲ್ಲಿ ತನಕ ಡೆಮೊ ಹಂಗೇ ಇಟ್ಟೀನಿ. ನಿಮ್ಮ ಹೊಲದ ಲೆಕ್ಕ ಹಾಕಿ ನೋಡಬೇಕಂದ್ರ ಸಂಜಿ ಏಳರ ಮ್ಯಾಲ ಬರ್ರಿ, ಬರೋವಾಗ ನಿಮ್ಮ ಸ್ಟಾರ್ಟರ್ ಒಳಗಿನ ಫೋಟೊ ಒಂದು ತರ್ರಿ, ಮೇನ್ ಇಳಿಸಿ ತಗದಿದ್ದು.