ಮಾಟುಂಗದ ಹಳೆಯ ಮನೆ ಮತ್ತು ಹೊಸ ಗುತ್ತಿಗೆದಾರನ ಬಂಡವಾಳ

ಹಳೆಯ ಮನೆಗಳನ್ನು ನವೀಕರಿಸಿಕೊಡುವ ಉದ್ಯಮಕ್ಕೆ ಎಷ್ಟು ಬಂಡವಾಳ ಬೇಕೆಂಬ ಪ್ರಶ್ನೆಗೆ ಮುಂಬಯಿಯ ಮಾಟುಂಗದಲ್ಲಿ ದೊರೆಯುವ ಉತ್ತರ ಬೇರೆ ಕಡೆಗಿಂತ ಭಿನ್ನವಾಗಿರುವುದಕ್ಕೆ ಆ ಬಡಾವಣೆಯ ಚರಿತ್ರೆಯೇ ಕಾರಣ. 1896ರ ಪ್ಲೇಗಿನ ಬಳಿಕ 1898ರಲ್ಲಿ ಸ್ಥಾಪಿತವಾದ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗ ಪ್ರದೇಶದಲ್ಲಿ ಯೋಜಿಸಿದ ಬಡಾವಣೆಗಳಲ್ಲಿ, 1930 ಮತ್ತು 40ರ ದಶಕಗಳಲ್ಲಿ ಎದ್ದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ, ಉಡುಪಿಯ ಊಟದ ಮನೆಗಳು ಬೇರೂರಿದ ಈ ಪರಿಸರದಲ್ಲಿ ಕನ್ನಡ ಕುಟುಂಬಗಳೂ ಅಂಥ ಕಟ್ಟಡಗಳಲ್ಲಿ ತಲೆಮಾರುಗಳಿಂದ ಬಾಳಿವೆ.

ಇಂಥ ಮನೆಗಳಲ್ಲಿ ಕೆಲವು ಪಗಡಿಯವು, ಅಂದರೆ ಬಾಡಿಗೆದಾರನು ಆರಂಭದಲ್ಲಿ ದೊಡ್ಡ ಮೊತ್ತ ತೆತ್ತು ಆಮೇಲೆ ಅಲ್ಪ ಬಾಡಿಗೆಗೆ ವಾಸಿಸುವ ಮನೆಗಳು. ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತ ನಿರ್ಮಾಣ ಮಾಡಿದರೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದು ಮನೆ ತೆರವುಗೊಳಿಸಲು ಕಾರಣವಾಗಬಲ್ಲದು. ಆದ್ದರಿಂದ ಆ ಒಪ್ಪಿಗೆ ಕೈಸೇರುವವರೆಗೆ ಗುತ್ತಿಗೆದಾರನು ಕೆಲಸವಿಲ್ಲದೆ ಕಾಯುವ ದಿನಗಳಿಗೂ ಆಯವ್ಯಯದಲ್ಲಿ ಬೆಲೆ ಕಟ್ಟಬೇಕಾಗುತ್ತದೆ.

ಹೊಸಬರ ಆಯವ್ಯಯಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಕಚೇರಿ, ವಾಹನ, ಡ್ರಿಲ್, ಟೈಲ್ಸ್ ಕತ್ತರಿಸುವ ಯಂತ್ರ. ಇವುಗಳನ್ನು ಬಾಡಿಗೆಗೆ ತಂದರೂ ಕೆಲಸ ನಡೆಯುತ್ತದೆ. ಬಾಡಿಗೆಗೆ ಸಿಗದಿರುವುದು ದುಡಿಯುವ ಬಂಡವಾಳ, ಎಂದರೆ ಹಣ ಹೊರಹೋಗುವುದಕ್ಕೂ ಗ್ರಾಹಕನಿಂದ ಒಳಬರುವುದಕ್ಕೂ ನಡುವಿನ ಅಂತರವನ್ನು ತುಂಬುವ ಮೊತ್ತ. ಕೂಲಿಯ ಪೂರ್ತಿ ಲೆಕ್ಕ ಕೊನೆಗೆ ಚುಕ್ತಾ ಆದರೂ ‘ಖರ್ಚಿ’ ಎಂದು ಕರೆಯಲಾಗುವ ವಾರದ ಕೈಖರ್ಚಿನ ಹಣವನ್ನು ಕೆಲಸಗಾರರಿಗೆ ತಪ್ಪದೆ ಕೊಡಬೇಕು. ಲೆಕ್ಕದ ಅನುಕೂಲಕ್ಕಾಗಿ 6 ಲಕ್ಷ ರೂಪಾಯಿಯ ಒಂದು ಕೆಲಸವನ್ನು ತೆಗೆದುಕೊಂಡರೆ, ಶೇಕಡಾ 20ರ ಮುಂಗಡವೆಂದರೆ 1,20,000. ಎರಡನೆಯ ಕಂತು ಬರುವ ಮುನ್ನ ಸಿಮೆಂಟು, ಕೊಳವೆ, ಟೈಲ್ಸುಗಳಿಗೆ 1,50,000, ಮೂರು ವಾರಗಳ ಖರ್ಚಿಗೆ 60,000 ಹೋದರೆ ಕೊರತೆ 90,000. ಈ ಕೊರತೆಯನ್ನು ಮುಂದಿನ ಗ್ರಾಹಕನ ಮುಂಗಡದಿಂದ ತುಂಬುವ ರೂಢಿಯೇ ಈ ಉದ್ಯಮದ ದೊಡ್ಡ ಕೇಡು. ಅಡುಗೆಮನೆ ಒಡೆಸಿಕೊಂಡು ಹಜಾರದಲ್ಲೇ ಒಲೆ ಹೂಡಿ ತಿಂಗಳುಗಟ್ಟಲೆ ಕಾಯುವ ಕುಟುಂಬವು, ವಾಸ್ತವದಲ್ಲಿ, ಗುತ್ತಿಗೆದಾರನು ಹೂಡದ ಬಂಡವಾಳವನ್ನು ತಾನು ತೆರುತ್ತಿರುತ್ತದೆ.

ಹಳೆಯ ಕಟ್ಟಡದಲ್ಲಿ ಈ ಅಂತರ ಹಿಗ್ಗುವುದು ಹೆಚ್ಚಾಗಿ ಬಚ್ಚಲುಮನೆಯಲ್ಲಿ. ಹಳೆಯ ಹಾಸನ್ನು, ಅದರಡಿಯ ಇಟ್ಟಿಗೆ ಚೂರು ಮತ್ತು ಗಾರೆಯ ಪದರವನ್ನು ಕಿತ್ತ ಮೇಲೆ ಕಾಣಿಸುವ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿರುತ್ತವೆ. ಆಗ ತುಕ್ಕನ್ನು ಉಜ್ಜಿ ತೆಗೆದು, ರಕ್ಷಕ ಲೇಪ ಹಚ್ಚಿ, ತೀರ ಸವೆದಲ್ಲಿ ಹೊಸ ಸರಳು ಸೇರಿಸಿ, ನೀರು ಇಳಿಯದಂತೆ ವಾಟರ್‌ಪ್ರೂಫಿಂಗ್ ಮಾಡಿ, ಅದರ ಮೇಲೆ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಮನೆಯ ಛಾವಣಿ ತೇವವಾಗುವುದೇ ಎಂದು ನೋಡಬೇಕು. ಒಡೆಯುವ ಮುನ್ನ ಇದರ ವೆಚ್ಚವನ್ನು ಯಾರೂ ಖಚಿತವಾಗಿ ಹೇಳಲಾರರಾದ್ದರಿಂದ, ಅದನ್ನು ದರಪಟ್ಟಿಯಲ್ಲಿ ಮುಚ್ಚಿಡದೆ, ಅನಿರೀಕ್ಷಿತ ವೆಚ್ಚವೆಂದು ಬೇರೆಯಾಗಿ ಬರೆದು ಗ್ರಾಹಕನಿಗೆ ಮೊದಲೇ ತಿಳಿಸುವುದೇ ನ್ಯಾಯ.

ಲಿಫ್ಟ್ ಇಲ್ಲದ ಅಥವಾ ಅದರಲ್ಲಿ ಸಾಮಾನು ಸಾಗಿಸಲು ಬಿಡದ ಕಟ್ಟಡದಲ್ಲಿ ಒಡೆದ ಅವಶೇಷವನ್ನು ಗೋಣಿಗಳಲ್ಲಿ ತುಂಬಿ ಹೆಗಲ ಮೇಲೆ ಇಳಿಸುವ ಕೂಲಿ, ಕಟ್ಟಡದ ಹೌಸಿಂಗ್ ಸೊಸೈಟಿ ಕೇಳುವ ಠೇವಣಿ ಇವು ಸಣ್ಣವಾದರೂ ನಗದಾಗಿಯೇ ಬೇಕಾದವು. ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ. ಮೇಲಿನಂಥ ನಾಲ್ಕು ಕೆಲಸಗಳಿಗೇ ಅದು ದಾಟುವುದರಿಂದ, ದರ ಹೇಳುವಾಗಲೇ ಶೇಕಡಾ 18ರ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ ಅದು ಲಾಭದಿಂದಲೇ ಕಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗೋಡೆ ಸೋರದೆಂದು ಖಾತ್ರಿಯಾಗುವವರೆಗೆ ಕೊನೆಯ ಕಂತಿನ ಒಂದು ಪಾಲನ್ನು ಗ್ರಾಹಕನು ತಡೆಹಿಡಿಯುವುದೂ ಉಂಟು; ಹಾಗೆ ತಡೆಹಿಡಿದ ಹಣವನ್ನು, ಅದು ಕೈಗೆ ಬರುವ ತನಕ, ಮೊದಲ ವರ್ಷದ ಆಯವ್ಯಯದಲ್ಲಿ ಆದಾಯದ ಕಡೆಗೆ ಬರೆಯಲಾಗದು.