ನಾನು ಕಳೆದ ಒಂದು ಅಂಕ

27 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಎಷ್ಟು ಸಾವಿರ ಉತ್ತರಪತ್ರಿಕೆ ತಿದ್ದಿದ್ದೇನೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಒಂದೇ ಒಂದು ಪುಟ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಧವಾರ್ಷಿಕ ಪರೀಕ್ಷೆ, ಎರಡು ಅಂಕದ ಪ್ರಶ್ನೆ, ರಾಣಿ ಶಾಂತಲೆಯ ಬಗ್ಗೆ ಬರೆಯಿರಿ ಎಂದು. ಹುಡುಗಿಯೊಬ್ಬಳು ಮೂರು ವಾಕ್ಯ ಬರೆದಿದ್ದಳು. ಶಾಂತಲೆ ವಿಷ್ಣುವರ್ಧನನ ಪಟ್ಟದ ರಾಣಿ. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಹೇಗೆ ಎಂದು ಶಾಸನದಲ್ಲಿ ಹೇಳಿಲ್ಲ.

ಮೂರನೆಯ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ‘ಪಾಠ ಸರಿಯಾಗಿ ಕೇಳಿಸಿಕೊಂಡಿಲ್ಲ’ ಎಂದು ಬರೆದೆ. ಒಂದು ಅಂಕ ಕಳೆದೆ.

ಏಕೆಂದರೆ ‘ಹೇಗೆ’ ಎನ್ನುವುದನ್ನು ನಾನು ಹೇಳಿದ್ದೆ. ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಕರೆದುಕೊಂಡು ಹೋಗಿ ತೋರಿಸಿದ್ದೆ. ಆ ವರ್ಷದ ಪ್ರವಾಸ ಶಿವಗಂಗೆಗೆ. ಡಾಬಸ್‌ಪೇಟೆಯಲ್ಲಿ ಬಸ್ಸು ತಿರುಗಿದ ಕೂಡಲೇ ಬೆಟ್ಟ ಕಂಡು ಮಕ್ಕಳು ಕೂಗಿದರು. ಗಂಗಾಧರೇಶ್ವರನ ಗುಡಿಯಲ್ಲಿ ತುಪ್ಪ ಬೆಣ್ಣೆಯಾಗುತ್ತದೆ ಎನ್ನುವುದನ್ನು ನೋಡಿದ್ದಾಯಿತು, ಒಳಕಲ್ಲು ತೀರ್ಥದಲ್ಲಿ ಕೈ ತೂರಿ ಯಾರಿಗೆ ನೀರು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಜಗಳವೂ ಆಯಿತು. ಕಂಬಿ ಹಿಡಿದು ಏದುಸಿರು ಬಿಡುತ್ತ ಮೇಲೆ ಹತ್ತಿದ ಮೇಲೆ, ಜನ ‘ಶಾಂತಲಾ ಡ್ರಾಪ್’ ಎಂದು ಕರೆಯುವ ಅಂಚಿನ ಈಚೆಗೆ ಎಲ್ಲರನ್ನೂ ಕೂರಿಸಿದೆ. ಗಾಳಿ ಜೋರಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಗೆಳತಿ ಲಕ್ಷ್ಮಿಯನ್ನು ತಾನೇ ಗಂಡನಿಗೆ ಮದುವೆ ಮಾಡಿಸಿದ ರಾಣಿ, ಹೊಯ್ಸಳ ವಂಶ ಬೆಳೆಯಲೆಂದು ಇಲ್ಲಿಂದ ಹಾರಿದ ರಾಣಿ. ನಾಲ್ಕೈದು ಹುಡುಗಿಯರು ಅತ್ತರು. ಜೊತೆಗೆ ಬಂದಿದ್ದ ಪಿ.ಟಿ. ಮೇಷ್ಟ್ರ ಕಣ್ಣೂ ಒದ್ದೆಯಾಗಿತ್ತು. ಪಾಠ ಎಂದರೆ ಇದು ಎಂದು ಇಳಿಯುವಾಗ ಎದೆಯುಬ್ಬಿಸಿಕೊಂಡೇ ಇಳಿದೆ.

ಅಷ್ಟನ್ನೂ ನಾನು ಕಲಿತದ್ದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯಿಂದ. ಬೆಂಗಳೂರಿನಲ್ಲಿ ಗರಡಿ ನಡೆಸಿ ಹುಡುಗರ ಮೈ ಬೆಳೆಸುತ್ತಿದ್ದ ಆ ಮನುಷ್ಯ ಅಂಥ ಕರುಳು ಹಿಂಡುವ ಕಥೆ ಬರೆದರಲ್ಲ ಎಂದು ನನಗೆ ಈಗಲೂ ಬೆರಗು. ಪಿ.ಯು.ಸಿ.ಯಲ್ಲಿದ್ದಾಗ ಎರಡು ರಾತ್ರಿ ನಿದ್ದೆಗೆಟ್ಟು ಓದಿದ್ದೆ. ಆಮೇಲೆ ಬಿ.ಎ.ಯಲ್ಲಿ ಇತಿಹಾಸ ಮೇಜರ್ ತೆಗೆದುಕೊಂಡೆ, ಬಿ.ಎಡ್. ಮಾಡಿದೆ, ಕೆಲಸವೂ ಸಿಕ್ಕಿತು. ಆದರೆ ಶಾಂತಲೆ ಎಂದರೆ ನನ್ನ ತಲೆಯೊಳಗೆ ಇದ್ದವಳು ಆ ಎರಡು ರಾತ್ರಿಯ ಶಾಂತಲೆಯೇ.

ಪತ್ರಿಕೆ ಹಂಚಿದ ದಿನ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಜಗಳದ ಹುಡುಗಿ ಅಲ್ಲ. ‘ಸಾರ್, ಹಾರಿದ್ದು ಎಲ್ಲಿ ಬರೆದಿದೆ?’ ಅಂದಳು. ಪುಸ್ತಕದಲ್ಲಿದೆ ಅಂದೆ. ‘ಯಾವ ಪುಸ್ತಕದಲ್ಲಿ ಸಾರ್?’

ಕಾದಂಬರಿ ಎನ್ನುವ ಪದ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ‘ದೊಡ್ಡ ಪುಸ್ತಕ. ನಿನಗೆ ಅರ್ಥವಾಗಲ್ಲ. ಹೋಗಿ ಕೂತ್ಕೋ’ ಅಂದೆ. ಅವಳು ಹೋಗಿ ಕೂತಳು. ಆ ವರ್ಷ ಮತ್ತೆ ನನ್ನ ತರಗತಿಯಲ್ಲಿ ಅವಳು ಕೈ ಎತ್ತಿದ್ದು ನೆನಪಿಲ್ಲ.

ಸ್ಟಾಫ್‌ರೂಮಿನಲ್ಲಿ ಈ ವಿಷಯ ಮೊದಲಿನಿಂದಲೂ ಕಾವೇರಿದ ವಿಷಯವೇ. ಗಣಿತದ ಮೇಷ್ಟ್ರಿಗೆ ಪಠ್ಯಪುಸ್ತಕ ಬಿಟ್ಟರೆ ಬೇರೆಲ್ಲ ಅಧಿಕಪ್ರಸಂಗ. ಪ್ರಶ್ನೆಪತ್ರಿಕೆ ಅದರಿಂದಲೇ ತಾನೇ ಬರೋದು, ಉಳಿದಿದ್ದು ತಗೊಂಡು ಏನು ಮಾಡ್ತೀರಿ ಎನ್ನುತ್ತಿದ್ದರು. ಕನ್ನಡದ ಮೇಡಂ ಪ್ರಕಾರ ಪಠ್ಯಪುಸ್ತಕದ ಇತಿಹಾಸ ಉಪ್ಪಿಲ್ಲದ ಸಾರು, ಮಕ್ಕಳ ನಾಲಿಗೆಗೆ ಹತ್ತಬೇಕಾದರೆ ಕಾದಂಬರಿಯೇ ಬೇಕು. ಚಿತ್ರದುರ್ಗದ ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಯಾರಾದರೂ ಕಾದಂಬರಿ ಎಂದರೆ ಅವರಿಗೆ ಸಿಟ್ಟು. 1779ರಲ್ಲಿ ಹೈದರಾಲಿ ಕೋಟೆ ಗೆದ್ದು ಮದಕರಿ ನಾಯಕನನ್ನು ಹಿಡಿದದ್ದು ಸುಳ್ಳಾ ಎಂದು ಕೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಆ ಒಂದು ಸತ್ಯದ ಬೆನ್ನ ಮೇಲೆ ಪುಸ್ತಕದ ಸಂಭಾಷಣೆಗಳೆಲ್ಲ ಸತ್ಯವೆಂದು ಸವಾರಿ ಮಾಡುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ. ವಿಜ್ಞಾನದವರಿಗೆ ಇತಿಹಾಸದ ಗ್ರಂಥಗಳ ಮೇಲೇ ಗುಮಾನಿ: ಒಬ್ಬ ಬರೆದದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ, ಅದೂ ಒಂದು ಶಾಸ್ತ್ರವಾ? ನಾನು ಕನ್ನಡದ ಮೇಡಂ ಪಕ್ಷ. ಜೋರಾಗಿ ಮಾತಾಡುತ್ತಿದ್ದವನೂ ನಾನೇ. ಹುಡುಗಿ ಕೇಳಿದ ಪ್ರಶ್ನೆಯನ್ನು ಮಾತ್ರ ಅಲ್ಲಿ ಯಾರಿಗೂ ಹೇಳಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಹೇಗೆ ಎನ್ನುವುದು ಪೋಷಕರ ಸಭೆಯ ದಿನ ತಿಳಿಯಿತು. ಜೈನರ ಮನೆ ಹುಡುಗಿ. ಅವಳ ಅಜ್ಜ ಪ್ರತಿ ವರ್ಷ ಮೊಮ್ಮಕ್ಕಳನ್ನು ಬೆಳಗೊಳಕ್ಕೆ ಕರೆದೊಯ್ಯುವಾಗ ದೊಡ್ಡ ಬೆಟ್ಟದ ಜೊತೆ ಚಿಕ್ಕ ಬೆಟ್ಟವನ್ನೂ ಹತ್ತಿಸುತ್ತಿದ್ದರಂತೆ. ಚಂದ್ರಗಿರಿಯ ಕಲ್ಲುಗಳ ಮೇಲೆ ಏನು ಬರೆದಿದೆ ಎಂದು ಓದಿ ಹೇಳುತ್ತಿದ್ದರಂತೆ. ಅಜ್ಜ ಸಂಕೋಚದಿಂದಲೇ, ‘ಅಂಕದ ವಿಚಾರಕ್ಕೆ ಬಂದಿಲ್ಲ ಮೇಷ್ಟ್ರೇ’ ಎಂದರು. ಆ ಮಾತು ಚುಚ್ಚಿದಷ್ಟು ಬೈಗುಳ ಚುಚ್ಚುತ್ತಿರಲಿಲ್ಲ.

ಬೇಸಿಗೆ ರಜದಲ್ಲಿ ಗ್ರಂಥಾಲಯಕ್ಕೆ ಹೋಗಿ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ ತೆಗೆಸಿದೆ. ಶ್ರವಣಬೆಳಗೊಳದ ಶಾಸನಗಳದ್ದು. ಬಿ.ಎಲ್. ರೈಸ್ 1889ರಲ್ಲಿ ಮೊದಲು ಪ್ರಕಟಿಸಿದ್ದನ್ನು ಆರ್. ನರಸಿಂಹಾಚಾರ್ ಹಿಗ್ಗಿಸಿ ತಿದ್ದಿದ ಆವೃತ್ತಿ. ಇತಿಹಾಸ ಮೇಜರ್ ಮಾಡಿದವನು ಜೀವನದಲ್ಲಿ ಮೊದಲ ಸಲ ಆ ಸಂಪುಟ ಮುಟ್ಟಿದ್ದು ಅಂದು. ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳು ಎಂದಿತ್ತು. ಅಷ್ಟೇ. ಬೆಟ್ಟದ ಅಂಚು ಇರಲಿಲ್ಲ, ಹಾರುವುದೂ ಇರಲಿಲ್ಲ. ಅದಾದ ಮೇಲೆ ನಾನು ಯಾವ ಕಾದಂಬರಿಯಲ್ಲೂ ಓದದ ಇನ್ನೊಂದು ಸಂಗತಿ ಇತ್ತು. ಮಗಳ ಸಾವಿನ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ. ಆ ತಾಯಿಯನ್ನು ನಾನು ಮಕ್ಕಳಿಗೆ ಒಂದು ಸಲವೂ ಹೇಳಿರಲಿಲ್ಲ.

ಇನ್ನೂ ಒಂದಿತ್ತು. ಶಾಂತಲೆ 1123ರ ಹೊತ್ತಿಗೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಅವಳ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ. ನಾನು ಬೆಟ್ಟದ ಮೇಲೆ ಕೂತು ಸವತಿಗಾಗಿ ಪ್ರಾಣ ಕೊಟ್ಟವಳೆಂದು ಹೇಳಿ ಹುಡುಗಿಯರನ್ನು ಅಳಿಸಿದ್ದೆ!

ಇಷ್ಟಕ್ಕೇ ನಿಂತಿದ್ದರೆ ನನ್ನದು ಒಂದೇ ತಪ್ಪು ಎನ್ನಬಹುದಿತ್ತು. ಮುಂದಿನ ವರ್ಷ ಎರಡನೆಯದು ಮಾಡಿದೆ. ಮುಖಭಂಗವಾದವನ ಸಿಟ್ಟು ಕಾದಂಬರಿಗಳ ಮೇಲೆ ತಿರುಗಿತು. ಶಾಲೆಯ ಕಪಾಟಿನಲ್ಲಿದ್ದ ಐತಿಹಾಸಿಕ ಕಾದಂಬರಿಗಳನ್ನು ಬೀರುವಿನ ಮೇಲಿನ ಅಟ್ಟಕ್ಕೆ ಹಾಕಿಸಿದೆ. ‘ಕಟ್ಟುಕಥೆ ಓದಿ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡಿದೆ. ಗಣಿತದ ಮೇಷ್ಟ್ರು ಬೆನ್ನು ತಟ್ಟಿದರು. ಪಠ್ಯಪುಸ್ತಕದಲ್ಲಿದ್ದಷ್ಟನ್ನೇ ಹೇಳುತ್ತ ಹೋದೆ: 1116ರಲ್ಲಿ ತಲಕಾಡು ಗೆದ್ದ, 1117ರಲ್ಲಿ ಬೇಲೂರಿನ ಗುಡಿ, ರಾಮಾನುಜರಿಂದ ಜೈನ ಬಿಟ್ಟಿದೇವ ವೈಷ್ಣವ ವಿಷ್ಣುವರ್ಧನನಾದ. ಆ ವರ್ಷ ಮಕ್ಕಳು ನನ್ನ ಪೀರಿಯಡ್ಡಿನಲ್ಲಿ ತೂಕಡಿಸಿದರು. ಶಿವಗಂಗೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ಯಾರೂ ಕೂಗಲಿಲ್ಲ ಕೂಡ, ಏಕೆಂದರೆ ಹೋಗಲೇ ಇಲ್ಲ.

ಹಾಗೆ ಭದ್ರವೆಂದು ಹಿಡಿದ ಪಠ್ಯಪುಸ್ತಕವೂ ಕೈಕೊಟ್ಟಿತು. ಧರ್ಮ ಬದಲಾಯಿಸಿ ಜೈನರಿಗೆ ಬೆನ್ನು ಹಾಕಿದ ರಾಜ ಎನ್ನುವ ಚಿತ್ರ ಆ ಒಂದು ಸಾಲಿನಿಂದ ಮಕ್ಕಳ ಮನಸ್ಸಿನಲ್ಲಿ ಕೂರುತ್ತಿತ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಥೆ ಓದಿದಾಗ ಅದು ಅಲುಗಾಡಿತು. ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಅದು. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅವನು ಆಗಷ್ಟೇ ಯುದ್ಧ ಗೆದ್ದಿದ್ದ, ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ರಾಜ ಸಂತೋಷದಿಂದ ಪ್ರಸಾದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟು ದಾನ ಕೊಟ್ಟ. ವೈಷ್ಣವನಾದ ಮೇಲೂ ರಾಜನ ಕೈ ಬಸದಿಯ ಕಡೆಗೆ ಚಾಚಿಯೇ ಇತ್ತು.

ಆ ಸಾಲಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದೆ. ಶಾಂತಲೆ ತೀರಿಕೊಂಡದ್ದು 1131, ಲಕ್ಷ್ಮೀದೇವಿಯ ಮಗ 1133. ನಡುವೆ ಎರಡೇ ವರ್ಷ. ಆ ಎರಡು ವರ್ಷದ ಸಂದಿಯೊಳಗೆ ಕೈಹಾಕಿಯೇ ಕಾದಂಬರಿಕಾರ ತನ್ನ ಕಥೆ ಎಳೆದದ್ದು ಎಂದು ನನಗೆ ಅನಿಸುತ್ತದೆ. ಕಲ್ಲು ಎಲ್ಲಿ ಮಾತು ನಿಲ್ಲಿಸಿತೋ ಅಲ್ಲಿಂದ ಅವರು ಶುರುಮಾಡಿದ್ದರು, ಪುಸ್ತಕದ ಮೇಲೆ ಕಾದಂಬರಿ ಎಂದು ಅಚ್ಚು ಹಾಕಿಸಿಯೂ ಇದ್ದರು. ಆ ಪದವನ್ನು ತರಗತಿಯೊಳಗೆ ಬರದಂತೆ ಬಾಗಿಲಲ್ಲೇ ತಡೆದವನು ನಾನು. ಜಕಣಾಚಾರಿಯ ಕಲ್ಲೊಳಗಿನ ಕಪ್ಪೆಯನ್ನೂ ಇತಿಹಾಸವೆಂದೇ ಮಾರಿದ್ದೆ, ಬಿಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸ್ವಂತ ಹೆಸರನ್ನೇ ಕಲ್ಲಿನಲ್ಲಿ ಕೆತ್ತಿಟ್ಟಿದ್ದರೂ ಅವರ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ.

ಅಟ್ಟದಿಂದ ಪುಸ್ತಕಗಳನ್ನು ಕೆಳಗಿಳಿಸಿದೆ, ಎರಡನ್ನು ಗೆದ್ದಲು ತಿಂದಿತ್ತು. ಶಿವಗಂಗೆಯ ಪ್ರವಾಸ ಮತ್ತೆ ಶುರುವಾಯಿತು. ಅದೇ ಜಾಗದಲ್ಲಿ ಕೂರಿಸಿ ಅದೇ ಕಥೆ ಹೇಳುತ್ತಿದ್ದೆ, ಅಯ್ಯರ್ ಅವರ ಹೆಸರು ಹೇಳಿ. ಆಮೇಲೆ ಮಾಚಿಕಬ್ಬೆಯ ಕಥೆ, ಅದು ಯಾವ ಕಲ್ಲಿನ ಮೇಲಿದೆ ಎಂದು ಹೇಳಿ. ಹುಡುಗಿಯರು ಎರಡಕ್ಕೂ ಅಳುತ್ತಿದ್ದರು.

ಅಂಕ ತಿದ್ದೋಣವೆಂದು ಗುಮಾಸ್ತರನ್ನು ಕೇಳಿದಾಗ ಆ ವರ್ಷದ ಅರ್ಧವಾರ್ಷಿಕದ ಪತ್ರಿಕೆಗಳೆಲ್ಲ ರದ್ದಿಗೆ ಹೋಗಿದ್ದವು. ಹುಡುಗಿ ಟಿ.ಸಿ. ತೆಗೆದುಕೊಂಡು ಕಾಲೇಜು ಸೇರಿದ್ದಳು. ಶಾಲೆಯ ಅಂಕವಹಿಯಲ್ಲಿ ಅವಳ ಹೆಸರಿನ ಮುಂದೆ ಸಮಾಜ ವಿಜ್ಞಾನಕ್ಕೆ ಈಗಲೂ ಒಂದು ಅಂಕ ಕಡಿಮೆಯೇ ಇದೆ.